ಹೊರಗೆ ನಿಂತ ಹನ್ನೊಂದು ನಿಮಿಷ

ಮಾರ್ಚ್ 4, ಸೋಮವಾರ
ಮತ್ತೆ ಬಜೆಟ್ ಸಭೆ. ಮೂರನೆಯದು. ಮನೆ ತೆರಿಗೆ ಏರಿಸಬೇಕೋ ಬೇಡವೋ... ಹಗ್ಗ ಹರಿಯಲಿಲ್ಲ, ಕೋಲು ಮುರಿಯಲಿಲ್ಲ. ಏರಿಸಿದರೆ ನಗರಸಭೆ ಆಸ್ಪತ್ರೆಯ ಡಯಾಲಿಸಿಸ್ ಕೇಂದ್ರ ಉಳಿಯುತ್ತದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಬೀಗ. ಕಮಿಷನರ್ ಬರೆದೇ ಕೊಟ್ಟಿದ್ದಾರೆ.

ಮೈಕ್ ಬಿಡದ ಸದಸ್ಯರೊಬ್ಬರಿದ್ದಾರೆ. ಉಳಿದ ಸದಸ್ಯರು ನಾವಿಟ್ಟ ಹೆಸರು ಮೈಕಾಸುರ. ಇವತ್ತು ಮುಕ್ಕಾಲು ಗಂಟೆ. "ತೆರಿಗೆ ಏರಿಸಿದ್ರೆ ಜನ ಬೀದಿಗಿಳೀತಾರೆ!" ಅಂದರು. "ಇಳಿದ್ರೆ ಗುಂಡೀಗೇ ಬೀಳ್ತಾರೆ" ಅಂತ ಪಕ್ಕದವರು ಪಿಸುಗುಟ್ಟಿದರು. ನಗು ತಡೆಯಲಾಗಲಿಲ್ಲ.

ಮಾರ್ಚ್ 6, ಬುಧವಾರ
ಇವರಿಗೆ ಮಂಡಿನೋವು. ಹಾಗಾಗಿ ಮೈದುನನನ್ನು ಡಯಾಲಿಸಿಸ್‌ಗೆ ನಾನೇ ಕರೆದುಕೊಂಡು ಹೋದೆ. ವಾರಕ್ಕೆರಡು ಸಲ, ನಾಲ್ಕು ವರ್ಷದಿಂದ. ನಾಲ್ಕು ಮಷೀನು, ಎರಡು ಕೆಟ್ಟಿವೆ. ಅವನ ಟೈಲರ್ ಬುದ್ಧಿ ಎಲ್ಲಿ ಹೋಗುತ್ತದೆ? ಮಲಗಿದಲ್ಲೇ ನರ್ಸಮ್ಮನ ಕೋಟು ನೋಡಿ, "ಅತ್ತಿಗೆ, ಈ ತೋಳು ಹೊಲಿದೋನು ಕಣ್ಮುಚ್ಚಿ ಹೊಲಿದಿದಾನೆ" ಅಂದ.

ನರ್ಸಮ್ಮ ನನ್ನನ್ನು ಬಾಗಿಲಾಚೆ ಕರೆದರು. "ಇಪ್ಪತ್ತೆರಡು ಜನ ಬರ್ತಾರೆ ಇಲ್ಲಿಗೆ. ಈಗ ನಿಮ್ಮ ಕೈಲಿದೆ ಟೀಚರ್."

ಮಾರ್ಚ್ 11, ಸೋಮವಾರ, ಸಂಜೆ
ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ತೆರಿಗೆ ಪ್ರಸ್ತಾವ ಮತಕ್ಕೆ ಬಂತು. ಇಪ್ಪತ್ತೊಂಬತ್ತು ಸದಸ್ಯರು. ಪರವಾಗಿ ಕೈ ಎತ್ತುವುದೆಂದು ಮೊದಲೇ ತೀರ್ಮಾನಿಸಿದ್ದೆ. ಅಷ್ಟರಲ್ಲಿ ಮೈಕಾಸುರ: "ಟೀಚರಮ್ಮನ ಮೈದುನಾನೇ ಅಲ್ಲಿ ಮಲಗೋದು. ಅವರ ಮನೆ ಕಾಯಿಲೆಗೆ ಊರಿಗೆಲ್ಲ ತೆರಿಗೆನಾ?"

ಸಭೆಯೆಲ್ಲ ನಕ್ಕಿತು. ನಾನು ಮೂವತ್ತು ವರ್ಷ ಲೆಕ್ಕದ ಪಾಠ ಹೇಳಿದವಳು. ಸ್ವಂತ ಮಗನಿಗೂ ಅರ್ಧ ಮಾರ್ಕು ಹೆಚ್ಚು ಕೊಟ್ಟವಳಲ್ಲ. ಎದ್ದುನಿಂತೆ. "ಇದು ನನ್ನ ಸ್ವಾರ್ಥ ಅನ್ನೋದಾದ್ರೆ ನಾನು ಮತಾನೇ ಹಾಕಲ್ಲ."

"ಕೂತ್ಕೊಳ್ಳಿ ಟೀಚರ್, ಅವರ ಬಾಯಿ ನಿಮಗೆ ಗೊತ್ತಿಲ್ವಾ?" ಅಂತ ಪಕ್ಕದವರು ಸೆರಗು ಹಿಡಿದರು. ಕೊಸರಿಕೊಂಡು ಹೊರಗೆ ಬಂದೆ. ಕಾರಿಡಾರಿನಲ್ಲಿ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ, ಹನ್ನೊಂದು ನಿಮಿಷ. ತಲೆ ಎತ್ತಿಕೊಂಡೇ ನಿಂತಿದ್ದೆ. ಅದನ್ನೂ ಬರೆದಿಡಬೇಕು.

ಜವಾನ ಬಾಗಿಲು ತೆಗೆದ. "ಸಮ ಬಂತಮ್ಮ. ಹದಿನಾಲ್ಕಕ್ಕೆ ಹದಿನಾಲ್ಕು. ಬಿದ್ದೋಯ್ತು."

ಅಧ್ಯಕ್ಷರು ನಿರ್ಣಾಯಕ ಮತ ಹಾಕದಿದ್ದರೆ, ಸಮ ಬಂದ ಪ್ರಸ್ತಾವ ಬಿದ್ದಂತೆ. ನಿಯಮ ನನಗೆ ಗೊತ್ತಿತ್ತು.

ಮಾರ್ಚ್ 12
ಇವರು "ನೀನು ಮಾಡಿದ್ದು ನ್ಯಾಯವೇ" ಅಂದರು. ಅಂದು, ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದರು. ಅನ್ನ ಹಾಗೇ ಇತ್ತು.

ಏಪ್ರಿಲ್ 3
ಕೇಂದ್ರಕ್ಕೆ ಬೀಗ ಬಿದ್ದು ಮೂರು ದಿನ. ಈಗ ಪಕ್ಕದ ನಗರಕ್ಕೆ ಹೋಗಬೇಕು. ಬಸ್ಸಿನಲ್ಲಿ ಮೂರು ಗಂಟೆ ಹೋಗಲು, ಮೂರು ಬರಲು. ಓರಗಿತ್ತಿ ಜೊತೆಗೆ ಹೋಗುತ್ತಾಳೆ. ನಾನು ಬರುತ್ತೇನೆಂದರೆ ಕೇಳಿಸದವಳಂತೆ ಚೀಲ ತೆಗೆದುಕೊಂಡು ನಡೆದಳು. ಆ ಸೋಮವಾರದಿಂದ ನನ್ನೊಡನೆ ಮಾತಿಲ್ಲ.

ಏಪ್ರಿಲ್ 19
ಮೈದುನನ ಡಯಾಲಿಸಿಸ್ ವಾರಕ್ಕೆರಡಿದ್ದದ್ದು ಈಗ ಒಂದಾಗಿದೆ. ಗದರಿಸಿದೆ. "ಬಸ್ಸಲ್ಲಿ ಕೂತೂ ಕೂತೂ ಸಾಕಾಗೋಯ್ತು ಅತ್ತಿಗೆ. ವಾಪಸ್ ಬರೋವಾಗ ನಾನೂ ಒಂದು ಲಗೇಜೇ" ಅಂದ. ಪಾದ ಊದಿ ಚಪ್ಪಲಿಗೆ ಹಿಡಿಯುತ್ತಿಲ್ಲ. ಹೊಲಿಗೆ ಮಷೀನಿನ ಮೇಲೆ ಬಟ್ಟೆ ಮುಚ್ಚಿದ್ದಾನೆ.

ನಾನು ಹೊರಡುವಾಗ ತಾನಾಗಿಯೇ ಅಂದ: "ಅವತ್ತು ನೀವು ಮಾಡಿದ್ದು ಸರೀನೇ. ನನ್ನಿಂದ ನಿಮಗ್ಯಾಕೆ ಕೆಟ್ಟ ಹೆಸರು?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಊರಿಗಾಗಿ ಅಲ್ಲವೋ ಮಾರಾಯ, ನನ್ನ ಹೆಸರಿಗಾಗಿ ಎದ್ದುಹೋದೆ... ಹೇಳಬೇಕಿತ್ತು.

ಮೇ 8
ಶುಕ್ರವಾರ ಬೆಳಗ್ಗೆ ಬಸ್ಸಿಗೆಂದು ಹೊರಟವನು ಮನೆ ಮೆಟ್ಟಿಲ ಮೇಲೆ ಕೂತ. "ಒಂದ್ನಿಮಿಷ ಇರೇ" ಅಂದನಂತೆ ಹೆಂಡತಿಗೆ. ಅಷ್ಟೇ.

ಮೈದುನ ಹೋಗಿ ಐದು ದಿನವಾಯಿತು. ಇವರು ತಮ್ಮನ ಅಂಗಡಿಯ ಬಾಗಿಲು ತೆಗೆದು ಒಳಗೆ ಸುಮ್ಮನೆ ಕೂರುತ್ತಾರೆ. ಕರೆಯಲು ನನಗೆ ಮುಖವಿಲ್ಲ.

ಮೇ 13, ಸೋಮವಾರ
ಸಭೆ. ಅಧ್ಯಕ್ಷರು ಸಂತಾಪ ನಿರ್ಣಯ ಓದಿದರು. ಎಲ್ಲರೂ ಎದ್ದುನಿಂತರು. ಸರ್ವಾನುಮತ. ಮೈಕಾಸುರ ನನ್ನ ಬಳಿ ಬಂದು ಕೈಮುಗಿದರು. ಕಣ್ಣು ಒದ್ದೆಯಾಗಿತ್ತು. ನಾಟಕವಲ್ಲ. ಅವರನ್ನು ದ್ವೇಷಿಸುವ ಅನುಕೂಲವೂ ಹೋಯಿತು.

ತೆರಿಗೆ ವಿಷಯ ಮತ್ತೆ ತನ್ನಿ ಎಂದು ಅಧ್ಯಕ್ಷರನ್ನು ಕೇಳಿದೆ. ಈ ಸಲ ಕೈ ಎತ್ತುತ್ತೇನೆ ಅಂದೆ. "ಒಂದ್ಸಲ ಬಿದ್ದಿದ್ದನ್ನ ವರ್ಷದೊಳಗೆ ತರೋ ಹಾಗಿಲ್ಲ ಟೀಚರ್. ನಿಮಗೆ ಗೊತ್ತಿರೋದೇ." ಕೇಂದ್ರಕ್ಕೆ ಬರುತ್ತಿದ್ದವರಲ್ಲಿ ಉಳಿದವರು ಇಪ್ಪತ್ತೊಂದು ಜನ. ಅವರ ಮುಂದೆ ಒಂದು ವರ್ಷ...

ಮನೆಗೆ ಬಂದರೆ ಓರಗಿತ್ತಿ ಬಾಗಿಲಲ್ಲೇ ನಿಂತಿದ್ದಳು. ಎರಡು ತಿಂಗಳ ಮೇಲೆ ಮೊದಲ ಮಾತು.

"ಸಭೇಲಿ ಏನಂದ್ರಕ್ಕ ಅವರ ಬಗ್ಗೆ?"

ಒಳ್ಳೆಯ ಮಾತೇ ಆಡಿದರು ಅಂದೆ. ಎಲ್ಲರೂ ಎದ್ದುನಿಂತರು ಅಂದೆ.

"ನೀವೂ ಎದ್ದುನಿಂತ್ರಾ?"

ನಾನು ಮಾರ್ಚಿನಲ್ಲೇ ಎದ್ದುಹೋಗಿದ್ದೆ, ನನ್ನ ಹೆಸರಿಗಾಗಿ, ಅಂದೆ.