ಎರಡೂ ಎಡಗಾಲು

೧೮ ಆಗಸ್ಟ್ ೨೦೧೪, ಸೋಮವಾರ. ಕಣೇಕಲ್ಲು. ಸೆಕೆ.

ಶಾಲೆಯ ಅರವತ್ತು ಸಮವಸ್ತ್ರಗಳನ್ನು ನಮ್ಮ ಹೆಂಗಸರ ಸಂಘವೇ ಹೊಲಿದು ಕೊಡುತ್ತದೆ ಎಂದು ಹೆಡ್‌ಮಾಸ್ತರರಿಗೆ ಮಾತು ಕೊಟ್ಟವಳು ನಾನು. ಊರಿನ ಕೆಲಸ ಊರಲ್ಲೇ ಉಳಿದರೆ ಈ ಹೆಂಗಸರು ದಿನಾ ರಾಯದುರ್ಗದ ಜೀನ್ಸ್ ಕಾರ್ಖಾನೆಗೆ ಓಡುವುದು ತಪ್ಪುತ್ತದೆ ಎಂದು ನಂಬಿದ್ದೆ.

ಇಂದು ಮೊದಲ ಚಡ್ಡಿಗೆ ಬಟ್ಟೆ ಕತ್ತರಿಸಿದರು. ಮುಂಭಾಗದ ಎರಡು ತುಂಡುಗಳೂ ಒಂದೇ ಕಡೆಯವಾದವು.

“ಎರಡೂ ಎಡಗಾಲೇ ಆದ್ವಲ್ರಿ ಟೀಚರಮ್ಮ! ಹುಡುಗ್ರು ಕುಂಟಿಕೋಂತ ಸಾಲಿಗೆ ಹೋಗ್ಲಿ ಬಿಡ್ರಿ,” ಎಂದಳು ತಿಪ್ಪಕ್ಕ. ಎಲ್ಲರೂ ನಕ್ಕರು. ಆಮೇಲೆ ಅವಳೇ ತುಂಡುಗಳನ್ನು ಮಡಚುತ್ತ ಮೆಲ್ಲಗೆ ಹೇಳಿದಳು: “ಒಂಬತ್ತು ವರ್ಷ ಬರೀ ಜೇಬು ಹೊಲದೀನ್ರಿ. ನಮ್ಮ ಕೈಗೆ ಕತ್ತರಿ ಯಾರು ಕೊಟ್ಟಾರ? ನಾಡದ್ದಿನಿಂದ ನಾನು ಕಾರ್ಖಾನಿಗೇ ಹೋಗ್ತೀನಿ.”

ಕಾರ್ಖಾನೆಯಲ್ಲಿ ಒಬ್ಬಳಿಗೆ ಜೇಬು, ಒಬ್ಬಳಿಗೆ ಜಿಪ್ಪು, ಇನ್ನೊಬ್ಬಳಿಗೆ ಅಂಚು. ಅಲ್ಲಿ ಕತ್ತರಿಸುವವರೇ ಬೇರೆ. ನಿಮಗೆ ಕತ್ತರಿಸಲು ಬರುತ್ತದೆಯೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಮನೆಗೆ ಬಂದು ಯಾವುದೋ ಅನುವಾದಿತ ಕಾದಂಬರಿ ತೆರೆದು ಒಂದೇ ಪುಟವನ್ನು ಮೂರು ಸಲ ಓದಿದೆ. ಅವಳ ದನಿ ಕಿವಿಯಿಂದ ಹೋಗುತ್ತಿಲ್ಲ.

ಬಟ್ಟೆ ಕತ್ತರಿಸಬಲ್ಲವರು ಊರಲ್ಲಿ ಉಳಿದಿರುವುದು ಒಬ್ಬರೇ, ಹಳೆಯ ದರ್ಜಿ ಲಕ್ಷ್ಮಣಪ್ಪ. ರೆಡಿಮೇಡ್ ಬಂದ ಮೇಲೆ ಅವರ ಅಂಗಡಿ ಮುಚ್ಚಿತು. ಸಂಘ ಶುರುವಾದ ದಿನ ಬಾಗಿಲಲ್ಲಿ ನಿಂತು, “ನನಗೂ ಏನಾರ ಕೆಲಸ ಐತೇನ್ರಿ?” ಎಂದು ಕೇಳಿದ್ದರು. ಇದು ಹೆಂಗಸರ ಸಂಘ ಎಂದು ಹೇಳಿ ಕಳಿಸಿಬಿಟ್ಟೆ. ಒಳಗೆ ಕರೆದು ಕೂರಿಸಲೂ ಇಲ್ಲ.

ನಾಳೆ ಅವರ ಮನೆಗೆ ಹೋಗಿ, ಸಂಘದವರಿಗೆ ಕತ್ತರಿಸುವುದನ್ನು ಕಲಿಸಿ ಎಂದು ಕೇಳುತ್ತೇನೆ. ಅದಕ್ಕೂ ಮೊದಲು, ಅಂದು ಬಾಗಿಲಿಂದಲೇ ಕಳಿಸಿದ್ದಕ್ಕೆ ಆಡಬೇಕಾದ ಮಾತೊಂದಿದೆ. ಅದನ್ನು ಹೇಗೆ ಶುರು ಮಾಡುವುದೋ.