ಹೊಟ್ಟೆಯೊಳಗಿನ ಬೆಕ್ಕಿಗೆ ಕುಂಡಲಿನಿ ಎಂದವರು

ಪಿನ್ನರ್, ಲಂಡನ್
೯ ಅಕ್ಟೋಬರ್ ೨೦೦೪

ಪ್ರೀತಿಯ ಶೋಭಾ,

ಕ್ಷೇಮ ಸಮಾಚಾರ ಆಮೇಲೆ ಬರೆಯುತ್ತೇನೆ. ಮೊದಲು ಸಿಟ್ಟು ಹೊರಗೆ ಬರಲಿ, ಇಲ್ಲದಿದ್ದರೆ ನನ್ನ ಅಕ್ಷರ ನೆಟ್ಟಗೆ ಬೀಳುವುದಿಲ್ಲ.

ಭಾರ್ಗವನ ಆಮಂತ್ರಣ ಧಾರವಾಡಕ್ಕೆ ತಲುಪಿರಬೇಕು. ಅವನು ನಮ್ಮ ಕನ್ನಡ ಸಂಘದ ಹೊಸ ಕಾರ್ಯದರ್ಶಿ, ಬೆಂಗಳೂರಿನವನು, ಕಂಪ್ಯೂಟರ್ ಕೆಲಸ. ಇಲ್ಲಿಗೆ ಬಂದು ಮೂರು ವರ್ಷವಾಯಿತು, ಆದ್ದರಿಂದ ನಿನ್ನ ಗಂಡ ಉಮಾಶಂಕರನನ್ನು ಕಂಡವನಲ್ಲ. ಅವನ ಮೇಲೆ ನನಗೆ ಕೋಪವಿಲ್ಲ. ನವೆಂಬರಿನ ರಾಜ್ಯೋತ್ಸವದಲ್ಲಿ 'ದಾರ್ಶನಿಕ ಕವಿ, ಕಲಾವಿದ ಉಮಾಶಂಕರ ಸ್ಮರಣೆ' ಎಂದು ಇಟ್ಟಿದ್ದಾರೆ, ದೀಪ ಬೆಳಗಲು ನೀನು ಬರಬೇಕಂತೆ. "ಶೋಭಾ ಮೇಡಂ ಸ್ಟೇಜ್ ಮೇಲಿದ್ರೆ ಒಂದು ತೂಕ ಇರುತ್ತೆ ಆಂಟಿ" ಎಂದು ನನಗೆ ಫೋನಿನಲ್ಲಿ ಹೇಳಿದ.

ಆಮಂತ್ರಣದಲ್ಲಿ ಅವನು ಬರೆದಿರಲಾರದ ಒಂದು ಸಂಗತಿ ಇದೆ. ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿ ಹೀಗೊಂದು ಸಾಲು ಅಚ್ಚಾಗಲಿದೆ: 'ಉಮಾಶಂಕರರು ದೇಹದ ನೋವನ್ನು ಎಂದೂ ಲೆಕ್ಕಿಸಿದವರಲ್ಲ. ವೈದ್ಯ ಮಿತ್ರರ ನೆರವನ್ನು ಕೊನೆಯವರೆಗೂ ನಗುತ್ತಲೇ ನಿರಾಕರಿಸಿದರು.' ಬರೆದವರು ನಮ್ಮವರು, ಡಾಕ್ಟರ್ ಪಾಂಡುರಂಗ. ನಮ್ಮದೇ ಊಟದ ಮೇಜಿನ ಮೇಲೆ, ನಾನು ಹುರುಳಿಕಾಯಿ ಹೆಚ್ಚುತ್ತಿದ್ದಾಗ, ಎದುರಿಗೆ ಕುಳಿತು ಬರೆದರು. ಓದಿ ಹೇಳಿ, "ಚೆನ್ನಾಗಿದೆಯಾ?" ಎಂದು ಕೇಳಿದರು. ಚಾಕು ಕೆಳಗಿಟ್ಟು ಎದ್ದು ಹೋದೆ.

ಇವರಿಗೆಲ್ಲ ಇದ್ದಕ್ಕಿದ್ದ ಹಾಗೆ ಉಮಾಶಂಕರ ಬೇಕಾದದ್ದು ಯಾವಾಗ ಗೊತ್ತೇ? ಕಳೆದ ವಸಂತದಲ್ಲಿ. ಸ್ಟ್ರಾಟ್‌ಫರ್ಡಿನ ಒಂದು ಸಣ್ಣ ಗ್ಯಾಲರಿಯವರು ಅವನ ಚಿತ್ರಗಳನ್ನು ತೂಗುಹಾಕಿದರು, ಒಂದು ಇಂಗ್ಲಿಷ್ ಪತ್ರಿಕೆ ಅರ್ಧ ಪುಟ ಬರೆಯಿತು. ನಾನು ಹೋಗಿ ನೋಡಿ ಬಂದೆ. ನಿಮ್ಮ ಕ್ವೀನ್ಸ್‌ಬರಿ ಫ್ಲ್ಯಾಟಿನ ಹಾಸಿಗೆಯ ಕೆಳಗೆ ಸುತ್ತಿಕೊಂಡು ಬಿದ್ದಿರುತ್ತಿದ್ದ, ಅವನು ಚಿತ್ರ ಬರೆದ ವಾಲ್‌ಪೇಪರಿನ ಸುರುಳಿಗಳು ಬಿಳಿ ಗೋಡೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಇಳಿಬಿದ್ದಿದ್ದವು. ಚಿತ್ರದ ಮನುಷ್ಯರ ಕೈಕಾಲುಗಳ ಸುತ್ತ ಅವನ ಕನ್ನಡ ಸಾಲುಗಳು ಹತ್ತಿಕೊಂಡು ಹೋಗುತ್ತವಲ್ಲ, ಪತ್ರಿಕೆಯವನು ಅವನ್ನು ಬಳ್ಳಿ ಅಂದುಕೊಂಡಿದ್ದಾನೆ. ಅವನಿಗೆ ಕನ್ನಡ ಬಾರದು, ಕ್ಷಮಿಸೋಣ. ಕನ್ನಡ ಬರುವವರ ಕಥೆ ಮುಂದೆ ಹೇಳುತ್ತೇನೆ.

ನನಗೆ ಮರೆವು ಕಡಿಮೆ. ಅದು ಇವರೆಲ್ಲರಿಗೂ ತೊಂದರೆ. ತೊಂಬತ್ತಮೂರರ ಯುಗಾದಿಯಲ್ಲಿ ಉಮಾಶಂಕರ ವೇದಿಕೆ ಹತ್ತಿ ಕವಿತೆ ಓದಿದ್ದ. ಹಗಲೆಲ್ಲ ಕೌನ್ಸಿಲ್ ಕಚೇರಿಯಲ್ಲಿ ಚರಂಡಿಯ ನಕ್ಷೆ ಬರೆಯುವವನು ಸಂಜೆ ಜುಬಿಲಿ ಲೈನ್ ರೈಲಿನಲ್ಲಿ ಮನೆಗೆ ಬರುವಾಗ ದೇವರನ್ನು ಕಂಡದ್ದನ್ನು ಹೇಳಿದ. "ಎದುರಿಗೆ ಒಬ್ಬಾಂವ ಕುಂತಿದ್ದ, ಮೈತುಂಬ ಕಣ್ಣು. ಟಿಕೆಟ್ ನೋಡಾಂವ ಬಂದು ಅಂವನ್ನ ಬಿಟ್ಟು ನನಗಷ್ಟ ಕೇಳಿದ" ಎಂದಾಗ ಮಕ್ಕಳೆಲ್ಲ ಕಣ್ಣರಳಿಸಿ ಕೇಳುತ್ತಿದ್ದವು. ಕವಿತೆ ಅರ್ಧವಾಗಿರಲಿಲ್ಲ, ಡಾಕ್ಟರ್ ವೇಣುಗೋಪಾಲ ಮೈಕ್ ಆರಿಸಿ, "ಬಿಸಿಬೇಳೆ ಬಾತ್ ತಣ್ಣಗಾಗ್ತಿದೆ, ಎಲ್ಲರೂ ಏಳಿ" ಎಂದರು. ಊಟದ ಸಾಲಿನಲ್ಲಿ ನಾಲ್ಕು ಡಾಕ್ಟರುಗಳು ಸೇರಿ ಅವನ ತಲೆಗೆ ನಾಲ್ಕು ಕಾಯಿಲೆ ಹಂಚಿದರು. ಒಬ್ಬರೂ ಅವನ ನಾಡಿ ಹಿಡಿದಿರಲಿಲ್ಲ. ಈಗ ಅದೇ ವೇಣುಗೋಪಾಲ ಸಂಘದ ಅಧ್ಯಕ್ಷರು. "ನಾನು ಅವತ್ತೇ ಗುರುತಿಸಿದ್ದೆ" ಎನ್ನುತ್ತಾರೆ. ಏನು ಗುರುತಿಸಿದ್ದರು ಎಂದು ನಾನು ಕೇಳಿದರೆ ನನಗೆ ವಯಸ್ಸಾಯಿತು ಎನ್ನುತ್ತಾರೆ.

ತೊಂಬತ್ತೈದರ ಆಗಸ್ಟಿನ ಆ ಭಾನುವಾರ ಸಂಘದ ಊಟವಿತ್ತು, ನೀನು ಸೀರೆ ಅಂಗಡಿಯ ಕೆಲಸಕ್ಕೆ ಹೋಗಿದ್ದೆ. ಮನೆಗೆ ಬಂದು ಅವನು ನಿನಗೆ ಎಷ್ಟು ಹೇಳಿದನೋ ತಿಳಿಯದು. ನಾನು ಅಲ್ಲೇ ಕೋಸಂಬರಿ ಬಡಿಸುತ್ತಿದ್ದೆ, ಆದ್ದರಿಂದ ಪೂರ್ತಿ ಬರೆಯುತ್ತೇನೆ.

ನಮ್ಮ ಸಂಘದ ಊಟದ ರೀತಿ ನಿನಗೆ ಗೊತ್ತಲ್ಲ. ಮೊಣಕಾಲು ನೋವಿರಲಿ, ಎದೆಯುರಿ ಇರಲಿ, ನಮ್ಮ ಜನ ಮೊದಲು ತಾವು ಹೆಸರು ಬರೆಸಿದ ಬಡಾವಣೆಯ ಡಾಕ್ಟರ್, ಆ ಜಿ.ಪಿ. ಹತ್ತಿರ ಹೋಗುವುದಿಲ್ಲ. ತಟ್ಟೆ ಹಿಡಿದು ಪಕ್ಕದ ಡಾಕ್ಟರಿಗೆ ಹೇಳುತ್ತಾರೆ. ಹಪ್ಪಳ ಬರುವಷ್ಟರಲ್ಲಿ ಬಿ.ಪಿ. ಮಾತ್ರೆ ಬದಲಾಗಿರುತ್ತದೆ. ಸಂಘದ ವೈದ್ಯರನ್ನು ಬಿಟ್ಟು ಹೊರಗೆ ಹೋಗುವುದು ಅವರಿಗೆ ಅವಮಾನ ಮಾಡಿದ ಹಾಗೆ ಎಂಬ ಸಂಕೋಚ ಬೇರೆ. ಉಮಾಶಂಕರನೂ ಅದನ್ನೇ ಮಾಡಿದ. ನಮ್ಮವರ ಹತ್ತಿರ ಬಂದು, "ಡಾಕ್ಟರ್ ಸಾಹೇಬ್ರ, ಹೊಟ್ಟ್ಯಾಗ ಭಾಳ ತ್ರಾಸ ಆಗ್ಲಿಕತ್ತದರಿ. ಒಳಗ ಬೆಕ್ಕು ಪರಚಿದಂಗ ಆಗ್ತದ" ಎಂದ. ನಮ್ಮವರು ಹೊಟ್ಟೆಯ ಕಾಯಿಲೆಗಳಲ್ಲೇ ಇಪ್ಪತ್ತು ವರ್ಷ ಪಳಗಿದವರು. ಅವರು ಕೇಳಿದ್ದು ಏನು? "ಈ ಬೆಕ್ಕಿಗೆ ಎಷ್ಟು ಕಣ್ಣು, ಉಮಾಶಂಕರ್? ಇದಕ್ಕೂ ಮೈತುಂಬಾನಾ?" ಸುತ್ತ ನಿಂತವರೆಲ್ಲ ನಕ್ಕರು. ವೇಣುಗೋಪಾಲ, "ಸ್ವಲ್ಪ ಹಾಲು ಕುಡೀರಿ, ಬೆಕ್ಕು ಸುಮ್ಮನಾಗುತ್ತೆ" ಎಂದರು. ಉಮಾಶಂಕರನೂ ನಕ್ಕ. ಪಾಪ, ಅಷ್ಟು ಜನರ ನಡುವೆ ಇನ್ನೇನು ಮಾಡಿಯಾನು. ಶೋಭಾ, 'ನಗುತ್ತಲೇ ನಿರಾಕರಿಸಿದರು' ಎಂದು ಇವತ್ತು ಬರೆದಿರುವುದು ಆ ನಗುವನ್ನು.

ನಾನು ಅವನನ್ನು ಪಕ್ಕಕ್ಕೆ ಕರೆದು ನಿನ್ನ ಜಿ.ಪಿ.ಗೆ ತೋರಿಸು ಎಂದೆ. "ವಿಶಾಲಕ್ಕ, ಇಷ್ಟು ಮಂದಿ ನಮ್ಮವರ ಇರೂವಾಗ ಮತ್ತೊಬ್ಬರ ಮುಂದ ಯಾಕ ಅಂಗಿ ಬಿಚ್ಚಲಿ? ಸಾಹೇಬ್ರು ಏನೂ ಇಲ್ಲ ಅಂದ್ರಲ್ಲ" ಎಂದ. ನಂಬಿದ್ದ ಅವನು. ಚಳಿಗಾಲದಲ್ಲಿ ನೀನೇ ಹಟ ಹಿಡಿದು ಜಿ.ಪಿ. ಹತ್ತಿರ ಕರೆದುಕೊಂಡು ಹೋದೆ, ಅವರು ಮುಟ್ಟಿ ನೋಡಿದ ಕೂಡಲೇ ಆಸ್ಪತ್ರೆಗೆ ಕಳಿಸಿದರು. ಅಷ್ಟರಲ್ಲಿ ಕಾಲ ಮೀರಿತ್ತು, ಆಮೇಲಿನದನ್ನು ನಾನು ನಿನಗೆ ಹೇಳಬೇಕಾಗಿಲ್ಲ.

ಈಗ ಕನ್ನಡ ಬರುವವರ ಕಥೆ. ಕಳೆದ ಭಾನುವಾರ ನಮ್ಮ ಮನೆಯಲ್ಲಿ ಸಮಿತಿ ಸೇರಿತ್ತು. ಭಾರ್ಗವ ಗ್ಯಾಲರಿಯಿಂದ ತಂದ ಕೊನೆಯ ಚಿತ್ರದ ಫೋಟೊ ತೋರಿಸಿದ. ಪದ್ಮಾಸನ ಹಾಕಿದ ಮನುಷ್ಯ, ಅವನ ಹೊಟ್ಟೆಯೊಳಗೆ ಸುರುಳಿ ಸುತ್ತಿಕೊಂಡು ಮಲಗಿರುವ ಪಟ್ಟೆ ಪಟ್ಟೆಯ ಪ್ರಾಣಿ. ವೇಣುಗೋಪಾಲ ಕೈಮುಗಿದು, "ಕುಂಡಲಿನಿ" ಎಂದರು. ನಮ್ಮವರು ತಲೆದೂಗಿದರು. ನಾನು ಕಾಫಿ ತಟ್ಟೆ ಇಟ್ಟು, "ಕೆಳಗೆ ಕನ್ನಡದಲ್ಲಿ ಬರೆದಿದೆ, ದಯವಿಟ್ಟು ಓದಿ" ಎಂದೆ. ವೇಣುಗೋಪಾಲ ಕಾಫಿ ಲೋಟ ಎತ್ತಿಕೊಂಡರು. ನಾನೇ ಓದಿದೆ:

ಹೊಟ್ಟೆಯೊಳಗೊಂದು ಬೆಕ್ಕು ಉಗುರು ಮಸೆಯುತಿದೆ,
ಡಾಕ್ಟರೇ, ಬಾಗಿಲು ತೆಗೆದು ಹೊರಗೆ ಬಿಡಿ.

"ಅದು ಮೇಲಿನ ಅರ್ಥ ವಿಶಾಲಾಕ್ಷಿಯವರೇ, ಕವಿ ಹೇಳೋದು ಬೇರೆ ಇರುತ್ತೆ" ಎಂದರು ವೇಣುಗೋಪಾಲ. ಡಾಕ್ಟರೇ ಎಂದು ಕೂಗಿದ್ದಕ್ಕೂ ಒಳ ಅರ್ಥವಿದೆಯೇ ಎಂದು ಕೇಳಿದೆ. "ಇದೆಯಲ್ಲ. ಇಲ್ಲಿ ಡಾಕ್ಟರ್ ಅಂದ್ರೆ ಭಗವಂತ." ಕೇಳಿದೆಯಾ? ಬದುಕಿದ್ದಾಗ ಅವನು ದೇವರನ್ನು ಕಂಡೆ ಎಂದರೆ ಹುಚ್ಚು ಎಂದರು, ಹೊಟ್ಟೆನೋವು ಎಂದಾಗ ಅದೂ ಹುಚ್ಚಿನದೇ ಎಂದರು. ಸತ್ತ ಮೇಲೆ ಆ ಹೊಟ್ಟೆನೋವನ್ನೇ ದೇವರು ಮಾಡಿದ್ದಾರೆ. ಭಾರ್ಗವ ಒಬ್ಬನೇ ಮೆಲ್ಲಗೆ, "ಆಂಟಿ ಹೇಳೋದು ಸರಿ ಇರಬಹುದಾ ಸರ್?" ಎಂದ. ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ.

ಉಮಾಶಂಕರ ಕಂಡದ್ದೆಲ್ಲ ನಿಜವೋ ಅಲ್ಲವೋ, ತೀರ್ಪು ಕೊಡುವವಳು ನಾನಲ್ಲ. ಆದರೆ ದೇಹವನ್ನು ಲೆಕ್ಕಿಸದವನು ಅವನಲ್ಲ. ನಿನ್ನ ಕೈಯ ಜೋಳದ ರೊಟ್ಟಿಗೆ ಬೆಣ್ಣೆ ಸಾಲದೆಂದು ಮುನಿಸಿಕೊಳ್ಳುತ್ತಿದ್ದವನು. ಡಬಲ್ ಡೆಕರ್ ಬಸ್ಸಿನ ಮೇಲಿನ ಮುಂದಿನ ಸೀಟಿಗೆ ಮಕ್ಕಳ ಜೊತೆ ಪೈಪೋಟಿ ಮಾಡುತ್ತಿದ್ದವನು. ನಲವತ್ತಾರನೆಯ ವಯಸ್ಸಿನಲ್ಲಿ ಸಾಯಲು ಅವನಿಗೆ ಒಂದಿಷ್ಟೂ ಮನಸ್ಸಿರಲಿಲ್ಲ. ಅವನನ್ನು ಋಷಿ ಮಾಡಿದರೆ ಯಾರಿಗೆ ಅನುಕೂಲ ಎಂಬುದನ್ನು ನಾನು ಬಿಡಿಸಿ ಹೇಳಬೇಕೇ?

ನಾಳೆ ಗ್ಯಾಲರಿಯವರಿಗೆ ಆ ಎರಡು ಸಾಲುಗಳ ಇಂಗ್ಲಿಷ್ ಅರ್ಥವನ್ನು ಕಳಿಸುತ್ತೇನೆ. ಈ ಬಾರಿ ಪ್ರಾರ್ಥನೆ ಹಾಡುವುದಿಲ್ಲ ಎಂದು ಸಂಘಕ್ಕೆ ಹೇಳಿಯಾಗಿದೆ. ಇದಿಷ್ಟೇ ನನ್ನ ಕೈಯಲ್ಲಿರುವುದು. ಉಳಿದದ್ದು ನಿನ್ನ ಕೈಯಲ್ಲಿದೆ. ಹೆಂಡತಿಯ ಒಪ್ಪಿಗೆ ಬಾರದೆ ಸಂಚಿಕೆಯನ್ನು ಅಚ್ಚಿಗೆ ಕೊಡುವುದಿಲ್ಲ ಎಂದು ಭಾರ್ಗವ ಖಂಡಿತವಾಗಿ ಹೇಳಿದ್ದಾನೆ. ನೀನು ಸುಮ್ಮನೆ ಬಂದು ದೀಪ ಹಚ್ಚಿದರೆ ಆ ಸಾಲಿಗೆ ನಿನ್ನ ಸಾಕ್ಷಿ ಬಿದ್ದಂತಾಗುತ್ತದೆ. ನಾಳೆ ಅವನ ಬಗ್ಗೆ ಪುಸ್ತಕ ಬರೆಯುವವರು ಅದನ್ನೇ ಎತ್ತಿ ಬರೆಯುತ್ತಾರೆ. ಬರಬೇಡ ಎನ್ನುವುದಿಲ್ಲ. ಬಾ, ನಮ್ಮ ಮನೆಯಲ್ಲೇ ಇರು, ಆದರೆ ಅವನು ಕೇಳಿದ್ದ, ಇವರು ನಕ್ಕಿದ್ದರು ಎಂದು ಮೈಕಿನ ಮುಂದೆ ಹೇಳಲು ಬಾ. ಅದು ಬೇಡವೆನಿಸಿದರೆ ಒಪ್ಪಿಗೆ ಇಲ್ಲ ಎಂದು ಒಂದು ಸಾಲು ಬರೆದು ಹಾಕು.

ನನ್ನ ಗಂಡನ ವಿಷಯ ಎಂದು ಸಂಕೋಚಪಡಬೇಡ. ಮೂವತ್ತೊಂದು ವರ್ಷ ಅವರ ಜೊತೆ ಬಾಳಿದ್ದೇನೆ. ಅವರು ಕೆಟ್ಟವರಲ್ಲ, ತಪ್ಪಾಯಿತು ಎನ್ನಲು ಬಾರದವರು. ಆ ಸಾಲನ್ನು ಬರೆಯುವಾಗ ಪೆನ್ನು ಹಿಡಿದ ಕೈ ಒಂದು ಸಲ ನಿಂತಿತ್ತು. ಮತ್ತೆ ಬರೆಯಿತು. ಅದನ್ನು ನಾನು ಮನ್ನಿಸಲಾರೆ.

ನಾವು ಆರೋಗ್ಯವಾಗಿದ್ದೇವೆ. ನಿನ್ನ ಮಂಡಿನೋವು ಈಗ ಹೇಗಿದೆ? ಸರಿಯಾದ ಡಾಕ್ಟರಿಗೆ ತೋರಿಸು.

ನಿನ್ನ
ವಿಶಾಲಕ್ಕ

ಮತ್ತೆ: ಬೆನ್ನ ಹಿಂದೆ ಬರೆಯುವ ಅಭ್ಯಾಸ ನನಗಿಲ್ಲವಾದ್ದರಿಂದ ಲಕೋಟೆ ಅಂಟಿಸುವ ಮೊದಲು ಈ ಕಾಗದವನ್ನು ಇವರಿಗೆ ಓದಲು ಕೊಟ್ಟೆ. ರೇಗುತ್ತಾರೆ ಎಂದುಕೊಂಡಿದ್ದೆ. ಓದಿ ಮುಗಿಸಿ ಕನ್ನಡಕ ತೆಗೆದಿಟ್ಟರು. ಆಮೇಲೆ ಕೇಳಿದರು: "ಅವನಿಗೆ ನೋವು ಬರ್ತಾ ಇದ್ದದ್ದು ಊಟ ಆದ್ಮೇಲೋ, ಬರಿಹೊಟ್ಟೇಲೋ? ತೂಕ ಇಳಿದಿತ್ತಾ?" ಅದನ್ನು ಶೋಭಾಳನ್ನೇ ಕೇಳಿ ಎಂದೆ. ನಿನ್ನ ಫೋನ್ ನಂಬರ್ ಬರೆದುಕೊಂಡಿದ್ದಾರೆ. ಎತ್ತುವುದೂ ಬಿಡುವುದೂ ನಿನಗೆ ಸೇರಿದ್ದು. ಆ ಸಾಲನ್ನು ಮಾತ್ರ ಇನ್ನೂ ಹೊಡೆದುಹಾಕಿಲ್ಲ.