ಯಾರದೋ ಎಡಗೈ

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಎಡಗೈಯನ್ನು ಬಲಗೈಯಿಂದ ಎತ್ತಿ ಅಂಗಿಯ ತೋಳಿಗೆ ತೂರಿಸಿದೆ. ಲಕ್ವ ಹೊಡೆದಾಗಿನಿಂದ ಇದೇ ಪಾಡು. ಬೆರಳು ಆಡುತ್ತವೆ, ಲೋಟ ಹಿಡಿಯುತ್ತವೆ. ಆದರೆ ಕೈ ನನ್ನದು ಅನ್ನಿಸುವುದಿಲ್ಲ. ಹಾಸಿಗೆಯಲ್ಲಿ ಯಾರೋ ಮರೆತುಹೋದದ್ದು. ನೋಡುತ್ತಿದ್ದರೆ ಹಿಡಿಯುತ್ತದೆ. ಕಣ್ಣು ತೆಗೆದರೆ ಬಿಡುತ್ತದೆ.

ರಂಗದ ಮೇಲೆ ಖಡ್ಗ ಝಳಪಿಸಿದ ಕೈ. ರಾಜ್ಯಕ್ಕೆ ರಾಜ್ಯವನ್ನೇ ದಾನ ಕೊಟ್ಟ ಕೈ. ಈಗ ಗುಂಡಿ ಹಾಕಲು ಮಗಳನ್ನು ಕೂಗಬೇಕು.

ಅವಳ ತೊಡೆಯ ಮೇಲೆ ಹಸುಗೂಸು. “ಒಂದು ಗಳಿಗೆ ಕೊಡೇ” ಅಂದೆ.

“ಮೊದ್ಲು ಕೈ ನಿಂದಾಗ್ಲಿ ಅಪ್ಪ. ಆಮೇಲೆ ಮೊಮ್ಮಗಳು ನಿನ್ನೋಳೇ.”

ಡೈಲಾಗ್ ಹೊಡೆಯುವುದರಲ್ಲಿ ನನ್ನ ಮಗಳೇ, ಅನುಮಾನವಿಲ್ಲ.

ಮಾರ್ಚ್ 5

ಆಸ್ಪತ್ರೆಯ ಮೇಲಿನ ಮಹಡಿ. ದೇಹ ಎಷ್ಟರ ಮಟ್ಟಿಗೆ ತನ್ನದು ಅನ್ನಿಸುತ್ತದೆ ಎಂದು ಅಳೆಯುವ ಕೋಣೆಯಂತೆ. ಅಳೆಯುವವಳು ಒಬ್ಬ ಹುಡುಗಿ. ಎರಡು ಕೈಯಲ್ಲೂ ಪೇಂಟ್ ಬ್ರಷ್. ಬ್ರಷ್ ಹುಡುಗಿ ಎಂದೇ ಕರೆದೆ.

ನನ್ನ ಎಡಗೈಯನ್ನು ಹಲಗೆಯ ಹಿಂದೆ ಮರೆಮಾಡಿ, ಕಣ್ಣೆದುರಿಗೆ ರಬ್ಬರ್ ಕೈ ಇಟ್ಟಳು. ಎರಡನ್ನೂ ಒಂದೇ ತಾಳಕ್ಕೆ ಸವರಿದಳು. ಸವರುತ್ತ, ಸವರುತ್ತ... ರಬ್ಬರ್ ಕೈ ನನ್ನದಾಗಿಬಿಟ್ಟಿತು. ಕಣ್ಣು ಮುಚ್ಚಿ ನಿಮ್ಮ ಎಡಗೈ ಎಲ್ಲಿದೆ ತೋರಿಸಿ ಅಂದಳು. ರಬ್ಬರನ್ನೇ ತೋರಿಸಿದೆ.

ಆಮೇಲೆ ಸ್ವಭಾವದ ಪ್ರಶ್ನೆಗಳು. ಬೇರೆಯವರು ಅತ್ತರೆ ಅಳು ಬರುತ್ತದೆಯೇ? ಕಥೆ ಕೇಳುತ್ತ ಕಳೆದುಹೋಗುತ್ತೀರಾ? ಒಂದರಿಂದ ಏಳರವರೆಗೆ ಅಂಕ.

“ಎಲ್ಲದಕ್ಕೂ ಏಳು ಹಾಕು ತಾಯಿ.”

“ಎಲ್ಲದಕ್ಕೂನಾ ಸರ್?”

“ಎಂಟಿದ್ರೆ ಎಂಟೇ ಹಾಕು.”

ನಕ್ಕಳು. ಇನ್ನೊಬ್ಬರೊಳಗೆ ಬೇಗ ಕರಗುವವರು ರಬ್ಬರ್ ಕೈಯನ್ನೂ ಬೇಗ ಒಪ್ಪುತ್ತಾರೇನೋ, ಅದನ್ನೇ ಹುಡುಕುತ್ತಿದ್ದಾಳಂತೆ. ಎದೆಯುಬ್ಬಿತು. ಬಸ್ಸು ಹತ್ತುವಷ್ಟರಲ್ಲಿ ಇಳಿಯಿತು. ರಬ್ಬರಿಗೆ ಬಾಗಿಲು ತೆರೆದವನು ಸ್ವಂತ ಕೈಯನ್ನು ಯಾಕೆ ಹೊಸ್ತಿಲಾಚೆ ನಿಲ್ಲಿಸಿದ್ದೇನೆ?

ಏಪ್ರಿಲ್ 11

ವ್ಯಾಯಾಮ. ಕನ್ನಡಿಯಲ್ಲಿ ಕೈ ನೋಡುವುದು. ವ್ಯಾಯಾಮ. ಕೈ ಹಾಗೇ ಇದೆ.

ಮಗುವಿನ ಕುತ್ತಿಗೆ ನಿಂತಿದೆ. ಬಾಗಿಲಲ್ಲಿ ನಿಂತು ನೋಡಿದೆ.

ಏಪ್ರಿಲ್ 20, ಸಂಜೆ

ಎರಡನೇ ಪರೀಕ್ಷೆ. ಹಲಗೆಯಿಲ್ಲ, ರಬ್ಬರಿಲ್ಲ. ಮೇಜಿನ ಮೇಲೆ ನನ್ನದೇ ಎಡಗೈ. ಬಲಗೈ ಬೆರಳುಗಳಿಗೆ ವೈರು — ಬೆಚ್ಚಿದರೆ ಚರ್ಮ ಬೆವರುತ್ತದಂತೆ, ಪರದೆಯ ಮೇಲಿನ ಗೆರೆ ಏರುತ್ತದಂತೆ. ಗಾಜಿನಾಚೆ ಮಗಳು, ಅವಳ ತೋಳಲ್ಲಿ ಮಗು.

ಬ್ರಷ್ ಹುಡುಗಿ ಇದ್ದಕ್ಕಿದ್ದಂತೆ ಸುತ್ತಿಗೆ ಎತ್ತಿ ಬೀಸಿದಳು. ಎಡಗೈ ಬೆರಳಿನಿಂದ ಕೂದಲೆಳೆಯಷ್ಟು ಮೇಲೆ ನಿಲ್ಲಿಸಿದಳು.

ಏನೂ ಅನ್ನಿಸಲಿಲ್ಲ. ಆದರೆ ಗಾಜಿನಾಚೆ ಪ್ರೇಕ್ಷಕರಿದ್ದರು.

“ಅಯ್ಯೋ, ನನ್ನ ಕೈ!” — ಕೊನೆಯ ಬೆಂಚಿಗೂ ಮುಟ್ಟುವಂತೆ. ಕೈ ಸೆಳೆದೆ, ಎದೆಗವಚಿಕೊಂಡೆ. ಕಣ್ಣೀರು ಕೂಡ ಹೇಳಿದ ಹೊತ್ತಿಗೆ ಬಂತು. ಗಾಜಿನಾಚೆ ಮಗಳು ಬಿಕ್ಕುತ್ತಿದ್ದಳು.

ಹುಡುಗಿ ಪರದೆ ನೋಡಿದಳು. ದನಿ ತಗ್ಗಿಸಿದಳು. “ಸರ್, ಕೂಗೇನೋ ಜೋರಾಗಿತ್ತು. ಗೆರೆ ಮಾತ್ರ ಅಲ್ಲಾಡ್ಲೇ ಇಲ್ಲ. ಇದು ಲೆಕ್ಕಕ್ಕೆ ಬರಲ್ಲ. ಇನ್ನೊಂದ್ಸಲ ಬನ್ನಿ.”

ಹೊರಗೆ ಮಗಳು ಓಡಿಬಂದಳು. “ಏನಂದ್ರಪ್ಪ?”

“ಪಾಸು” ಅಂದೆ.

ಏಪ್ರಿಲ್ 21, ಬೆಳಿಗ್ಗೆ

ನಿಜ ಹೇಳಿಬಿಡಬೇಕು. ಕನ್ನಡಿಯೆದುರು ಅಭ್ಯಾಸ ಮಾಡಿದೆ. “ಮಗಳೇ, ಈ ಕೈ ನನ್ನದಲ್ಲ.” ಗಟ್ಟಿಯಾಗಿ ಅಂದೆ, ಗದ್ಗದದಲ್ಲಿ ಅಂದೆ, ಪಿಸುಗುಟ್ಟಿದೆ. ಹೇಗೆ ಅಂದರೂ ಎದುರಿಗೆ ಜನ ಕೂತಂತೆಯೇ ಕೇಳಿಸಿತು.

ಮಧ್ಯಾಹ್ನ

ಹೇಳಿದೆ. ನಕ್ಕಳು.

“ಸಾಕಪ್ಪ ನಿನ್ನ ನಾಟಕ. ನಿನ್ನೆ ನಾನೇ ಕಣ್ಣಾರೆ ನೋಡಿದೀನಿ. ಹಿಡ್ಕೋ.” ಮಗುವನ್ನು ಎಡತೋಳಿಗೆ ಇಟ್ಟಳು.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಎಷ್ಟು ಬೆಚ್ಚಗಿತ್ತು... ಎವೆಯಿಕ್ಕದೆ ಕೈಯನ್ನೇ ನೋಡುತ್ತಿದ್ದೆ. ಮಗು ಏನೋ ಗುನುಗಿತು. ಅದರ ಮುಖ ನೋಡಿದೆ. ಅಷ್ಟೇ.

ಬಲಗೈ ಹಿಡಿಯಿತು. ಮಗುವಿಗೇನೂ ಆಗಲಿಲ್ಲ. ಎಡಗೈ ಯಾವಾಗ ಜಾರಿ ಕೆಳಗೆ ಬಿತ್ತೋ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದನ್ನು ಮಗಳು ನನ್ನ ಮುಖದಲ್ಲೇ ಕಂಡಳು.

ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಚಿಲಕದ ಸದ್ದು.

ಫ್ಯಾನಿನ ಗಾಳಿಗೆ ಹಾಳೆ ಹಾರದಿರಲೆಂದು ಎಡಗೈಯನ್ನು ಪುಟದ ಕೆಳತುದಿಯ ಮೇಲೆ ಇಟ್ಟಿದ್ದೇನೆ. ಬರೆಯುತ್ತ ಬರೆಯುತ್ತ ಸಾಲುಗಳು ಅದರ ಬೆರಳ ತುದಿಗೆ ಬಂದಿವೆ. ನೋಡುತ್ತಲೇ ಕೂತಿದ್ದೇನೆ. ಕಣ್ಣು ತೆಗೆದರೆ